ಇಗರ್ಜಿಯ ಮುಂದೆ ಹಾದುಹೋಗುವಾಗ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕ್ರೈಸ್ತರ ವಂದನೆಯ ರೂಢಿಗಳು

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಕ್ರೈಸ್ತರು ಇಗರ್ಜಿ (ಚರ್ಚು), ದಾರಿಬದಿಯ ಶಿಲುಬೆ, ಯೇಸುವಿನ ತಾಯಿ ಮರಿಯಮ್ಮನ ಕಲ್ಲುಗುಹೆಯಾದ ಗ್ರೊಟ್ಟೊ ಅಥವಾ ಸ್ಮಶಾನದ ಮುಂದೆ ಹಾದುಹೋಗುವಾಗ ಗೌರವದಿಂದ ಮಾಡುವ ಚಿಕ್ಕ ಸನ್ನೆಗಳಿವೆ. ಶಿಲುಬೆಯ ಗುರುತು ಹಾಕಿಕೊಳ್ಳುವುದು, ತಲೆಬಾಗುವುದು, ಟೊಪ್ಪಿ ತೆಗೆಯುವುದು, ಕೈಮುಗಿಯುವುದು, ಬೆರಳನ್ನು ತುಟಿಗೆ ಮುಟ್ಟಿಸಿಕೊಳ್ಳುವುದು, ಒಂದು ಗಳಿಗೆ ನಿಂತು ಮುಂದೆ ಸಾಗುವುದು ಇವುಗಳಲ್ಲಿ ಮುಖ್ಯವಾದವು. ಇವು ಪೂಜಾವಿಧಿಯ ಭಾಗವಲ್ಲ. ಇಗರ್ಜಿಯ ಒಳಗೆ ಯಾವಾಗ ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಎಂಬುದಕ್ಕೆ ಧರ್ಮಸಭೆಯ ನಿಯಮಗಳಿವೆ. ರಸ್ತೆಯಲ್ಲಿ ಹಾದುಹೋಗುವವನಿಗೆ ಅಂಥ ನಿಯಮವಿಲ್ಲ. ಮಾಡದಿದ್ದರೆ ಪಾಪವೂ ಅಲ್ಲ. ಮನೆಯಲ್ಲಿ ಹಿರಿಯರನ್ನು ನೋಡಿ ಕಲಿತ ಈ ಅಭ್ಯಾಸ ಕಟ್ಟಳೆಯ ಬಲವಿಲ್ಲದೆ ತಲೆಮಾರುಗಳನ್ನು ದಾಟಿ ಬಂದಿದೆ.

ಪ್ರದೇಶ ಮತ್ತು ಸಮುದಾಯಗಳು

2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ 8ರಷ್ಟಿದ್ದರು. ಈ ಮೂರು ತಾಲೂಕುಗಳ ಕ್ರೈಸ್ತರಲ್ಲಿ ಬಹುಸಂಖ್ಯಾತರು ಕೊಂಕಣಿ ಮಾತನಾಡುವ ಕೆಥೊಲಿಕರು. ತುಳುವರು ಇವರನ್ನು 'ಪೊರ್ಬುಲು' ಎಂದೂ ಹೆಂಗಸರನ್ನು 'ಬಾಯಮ್ಮ' ಎಂದೂ ಕರೆಯುವುದುಂಟು. ಲ್ಯಾಟಿನ್ ವಿಧಿಯನ್ನು ಅನುಸರಿಸುವ ಇವರ ಇಗರ್ಜಿಗಳು 1886ರಲ್ಲಿ ಸ್ಥಾಪನೆಯಾದ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಬಂಟ್ವಾಳ ತಾಲೂಕಿನಲ್ಲಿ ಅಗ್ರಾರ್, ಮೊಡಂಕಾಪು, ಲೊರೆಟ್ಟೊ, ಅಲ್ಲಿಪಾದೆ, ಮೊಗರ್ನಾಡು, ವಿಟ್ಲ; ಬೆಳ್ತಂಗಡಿಯಲ್ಲಿ ಮಡಂತ್ಯಾರು, ಉಜಿರೆ, ವೇಣೂರು, ನಾರಾವಿ; ಮೂಡುಬಿದಿರೆಯಲ್ಲಿ ಕೊರ್ಪುಸ್ ಕ್ರಿಸ್ತಿ ಇಗರ್ಜಿ, ಅಲಂಗಾರಿನ ರೊಸಾರಿ ಮಾತೆಯ ಇಗರ್ಜಿ, ಹೊಸಬೆಟ್ಟು, ಶಿರ್ತಾಡಿ ಮೊದಲಾದವು ಈ ಪರಂಪರೆಯ ಕೇಂದ್ರಗಳು.

ಎರಡನೆಯ ದೊಡ್ಡ ಗುಂಪು ಸೀರೊ ಮಲಬಾರ್ ಕೆಥೊಲಿಕರದು. 20ನೇ ಶತಮಾನದ ಮಧ್ಯಭಾಗದಿಂದ ಕೇರಳದಿಂದ ಬಂದು ಘಟ್ಟದ ತಪ್ಪಲಿನಲ್ಲಿ ರಬ್ಬರ್, ಅಡಿಕೆ, ಕಾಳುಮೆಣಸಿನ ಕೃಷಿ ಹಿಡಿದ ಕುಟುಂಬಗಳು ಇವು, ಮನೆಮಾತು ಮಲಯಾಳ. ಇವರಿಗಾಗಿ 1999ರ ಏಪ್ರಿಲ್ 24ರಂದು ತಲಶ್ಶೇರಿ ಮಹಾಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಬೆಳ್ತಂಗಡಿ ಧರ್ಮಪ್ರಾಂತ್ಯವನ್ನು ರಚಿಸಲಾಯಿತು. ಬೆಳ್ತಂಗಡಿಯ ಸಂತ ಲಾರೆನ್ಸರ ದೇವಾಲಯ ಅದರ ಪ್ರಧಾನಾಲಯ. ಮೂರನೆಯದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟೆಂಟರು. ಇಂದು ಇವರು ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ ಸೇರಿದ್ದಾರೆ. ಪ್ರಾರ್ಥನೆ ಹೆಚ್ಚಾಗಿ ಕನ್ನಡದಲ್ಲಿ, ಕೆಲವೆಡೆ ತುಳುವಿನಲ್ಲಿ ನಡೆಯುತ್ತದೆ. ಮೂರೂ ಗುಂಪಿನವರು ಒಂದೇ ರಸ್ತೆಯಲ್ಲಿ ಓಡಾಡಿದರೂ ಪವಿತ್ರ ಸ್ಥಳದ ಮುಂದೆ ನಡೆದುಕೊಳ್ಳುವ ರೀತಿ ಬೇರೆಬೇರೆ.

ಹೆಸರುಗಳ ಮೂಲ

ಕನ್ನಡದ 'ಶಿಲುಬೆ' ಸಿರಿಯಾಕ್ ಭಾಷೆಯ 'ಸ್ಲೀವ' ಶಬ್ದದಿಂದ ಬಂದದ್ದು. ತಮಿಳಿನ 'ಸಿಲುವೈ' ಕೂಡ ಅದೇ ಮೂಲದ್ದು. ಕೊಂಕಣಿಯ 'ಖುರಿಸ್' ಪೋರ್ಚುಗೀಸರ 'ಕ್ರೂಸ್' ಪದದ ರೂಪಾಂತರ. ಕರಾವಳಿಯ ಕನ್ನಡದಲ್ಲೂ ಬಳಕೆಯಲ್ಲಿರುವ 'ಇಗರ್ಜಿ' ಎಂಬುದು ಪೋರ್ಚುಗೀಸಿನ 'ಇಗ್ರೇಜ'. ಮಲಯಾಳಿ ಕ್ರೈಸ್ತರು ದಿನಬಳಕೆಯಲ್ಲಿ 'ಕುರಿಶ್' ಎನ್ನುತ್ತಾರೆ, ಪೂಜಾಭಾಷೆಯಲ್ಲಿ 'ಸ್ಲೀವ' ಉಳಿದಿದೆ. ಹೀಗೆ ಒಂದೇ ಗುರುತಿಗೆ ಈ ತಾಲೂಕುಗಳಲ್ಲಿ ಸಿರಿಯಾಕ್ ಭಾಷೆಯಿಂದ ಬಂದ ಹೆಸರೂ ಇದೆ, ಲಿಸ್ಬನ್ನಿನಿಂದ ಬಂದ ಹೆಸರೂ ಇದೆ.

ಇತಿಹಾಸ

ದೇಹದ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವ ರೂಢಿ ಕ್ರೈಸ್ತ ಧರ್ಮದ ಆರಂಭದ ಶತಮಾನಗಳಷ್ಟು ಹಳೆಯದು. ಉತ್ತರ ಆಫ್ರಿಕದ ಲೇಖಕ ತೆರ್ತುಲಿಯನ್ ಕ್ರಿ.ಶ. 3ನೇ ಶತಮಾನದ ಆರಂಭದಲ್ಲಿಯೇ, ಮನೆಗೆ ಬರುವಾಗ, ಹೊರಡುವಾಗ, ಊಟಕ್ಕೆ ಕೂರುವಾಗ, ದೀಪ ಹಚ್ಚುವಾಗ ಕ್ರೈಸ್ತರು ಹಣೆಯ ಮೇಲೆ ಗುರುತು ಹಾಕಿಕೊಳ್ಳುತ್ತಾರೆಂದು ಬರೆದಿದ್ದಾನೆ. ಅದಕ್ಕೆ ಗ್ರಂಥದ ಆಧಾರ ಹುಡುಕಬೇಡಿ, ಪರಂಪರೆಯೇ ಆಧಾರ ಎಂಬುದು ಅವನ ವಾದ. ಹಣೆಯ ಮೇಲಿನ ಈ ಚಿಕ್ಕ ಗುರುತು ಕಾಲಕ್ರಮದಲ್ಲಿ ಹಣೆ, ಎದೆ, ಎರಡು ಭುಜಗಳನ್ನು ಸೇರಿಸುವ ದೊಡ್ಡ ಗುರುತಾಯಿತು. 1198ರಿಂದ 1216ರವರೆಗೆ ಪೋಪ್ ಆಗಿದ್ದ ಮೂರನೆಯ ಇನ್ನೊಸೆಂಟ್ ಅದನ್ನು ಮೂರು ಬೆರಳು ಜೋಡಿಸಿ ಬಲಭುಜದಿಂದ ಎಡಕ್ಕೆ ಹಾಕುವ ಕ್ರಮವನ್ನು ವಿವರಿಸಿ, ಕೆಲವರು ಎಡದಿಂದ ಬಲಕ್ಕೂ ಹಾಕುತ್ತಾರೆ ಎಂದಿದ್ದಾನೆ. ಪಶ್ಚಿಮದ ಧರ್ಮಸಭೆಯಲ್ಲಿ ಮುಂದೆ ಈ ಎರಡನೆಯ ಕ್ರಮವೇ ನೆಲೆನಿಂತಿತು. ಗ್ರೀಕ್ ಮತ್ತು ರಷ್ಯನ್ ಆರ್ಥೊಡಾಕ್ಸ್ ಕ್ರೈಸ್ತರು ಇಂದಿಗೂ ಬಲದಿಂದ ಎಡಕ್ಕೆ ಹಾಕುತ್ತಾರೆ.

ತುಳುನಾಡಿನ ಕೊಂಕಣಿ ಕೆಥೊಲಿಕರ ಪೂರ್ವಜರು 16ರಿಂದ 18ನೇ ಶತಮಾನದ ನಡುವೆ ಗೋವೆಯಿಂದ ಹಲವು ಅಲೆಗಳಲ್ಲಿ ಬಂದವರು. ಅವರೊಂದಿಗೆ ಗೋವೆಯಲ್ಲಿ ಕಲಿತ ಧರ್ಮೋಪದೇಶವೂ ಬಂತು. ಇಂಗ್ಲೆಂಡ್ ಮೂಲದ ಜೆಸ್ವಿತ್ ಗುರು ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ರಚಿಸಿದ ಧರ್ಮೋಪದೇಶದ ಪುಸ್ತಕ 1622ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಮಕ್ಕಳಿಗೆ ಧರ್ಮಶಿಕ್ಷಣದಲ್ಲಿ ಮೊದಲು ಹೇಳಿಕೊಡುವುದು ಶಿಲುಬೆಯ ಗುರುತನ್ನೇ. ಅಕ್ಷರ ಬಾರದ ರೈತನಿಗೂ ಕೈಯೇ ಪುಸ್ತಕವಾಯಿತು.

1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಕೆಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಆ ಕಾಲದಲ್ಲಿ 27 ಇಗರ್ಜಿಗಳು ನೆಲಸಮವಾದವೆಂಬುದು ಇತಿಹಾಸಕಾರರು ಕೊಡುವ ಪ್ರಸಿದ್ಧ ಲೆಕ್ಕ. 1799ರಲ್ಲಿ ಟಿಪ್ಪುವಿನ ಪತನದ ನಂತರ ಬದುಕುಳಿದವರು ಹಿಂದಿರುಗಿ ಹಲವೆಡೆ ಇಗರ್ಜಿಗಳನ್ನು ಮರಳಿ ಕಟ್ಟಿದರು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮಾರಿಯಾನೊ ಆ ನಾಶದಿಂದ ಉಳಿದುಕೊಂಡ ವಿರಳ ಸ್ಥಳಗಳಲ್ಲಿ ಒಂದು. ಸೆರೆಯ ನೆನಪು ಕೊಂಕಣಿ ಕೆಥೊಲಿಕರ ಮನೆಯ ಮಾತುಕತೆಗಳಲ್ಲಿ ಈಗಲೂ ಇದೆ. ಇಗರ್ಜಿ ಎಂಬುದು ಕಳೆದುಕೊಂಡು ಮರಳಿ ಪಡೆದ ವಸ್ತು ಎಂಬ ಭಾವ ಅದರ ಮುಂದಿನ ವಂದನೆಗೆ ಒಂದಿಷ್ಟು ತೂಕ ಕೊಟ್ಟಿದೆ.

ಶಿಲುಬೆಯ ಗುರುತು

ಈ ಪ್ರದೇಶದಲ್ಲಿ ಅತ್ಯಂತ ಸಾಮಾನ್ಯವಾದ ಸನ್ನೆ ಇದೇ. ಬಲಗೈಯ ಬೆರಳುಗಳನ್ನು ಹಣೆಗೆ, ಎದೆಯ ನಡುವಿಗೆ, ಎಡಭುಜಕ್ಕೆ, ಬಲಭುಜಕ್ಕೆ ಕ್ರಮವಾಗಿ ಮುಟ್ಟಿಸುತ್ತ ಪಿತ, ಸುತ, ಪವಿತ್ರಾತ್ಮರ ಹೆಸರನ್ನು ಹೇಳಲಾಗುತ್ತದೆ. ದಾರಿಯಲ್ಲಿ ಮಾತು ಸಾಮಾನ್ಯವಾಗಿ ಹೊರಗೆ ಕೇಳಿಸದು. ತುಟಿ ಮಾತ್ರ ಅಲುಗುತ್ತದೆ. ಕೊನೆಗೆ ಬೆರಳ ತುದಿಯನ್ನೋ ಹೆಬ್ಬೆರಳನ್ನೋ ತುಟಿಗೆ ಮುಟ್ಟಿಸಿಕೊಳ್ಳುವವರು ಹಲವರು. ಇದು ಸ್ಪೇನ್ ಮತ್ತು ಪೋರ್ಚುಗಲ್ ಪ್ರಭಾವವಿರುವ ಹಲವು ನಾಡುಗಳಲ್ಲಿ ಕಾಣುವ ಪದ್ಧತಿ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಅಡ್ಡವಿಟ್ಟರೆ ಬೆರಳುಗಳೇ ಶಿಲುಬೆಯ ಆಕಾರ ತಾಳುತ್ತವೆ. ಮುತ್ತಿಡುವುದು ಆ ಶಿಲುಬೆಗೆ ಎಂಬುದು ಅದರ ಸಾಮಾನ್ಯ ವಿವರಣೆ.

ಇದರ ಹ್ರಸ್ವ ರೂಪಗಳೂ ಇವೆ. ಹಣೆ, ತುಟಿ, ಎದೆಗಳ ಮೇಲೆ ಹೆಬ್ಬೆರಳಿನಿಂದ ಮೂರು ಚಿಕ್ಕ ಶಿಲುಬೆ ಬರೆದುಕೊಳ್ಳುವುದು ಒಂದು. ಪೂಜೆಯಲ್ಲಿ ಶುಭಸಂದೇಶದ ಓದಿಗೆ ಮೊದಲು ಎಲ್ಲರೂ ಮಾಡುವ ಸನ್ನೆಯಿದು. ಎದೆಯ ಮೇಲಷ್ಟೇ ಹೆಬ್ಬೆರಳಿನಿಂದ ಗೆರೆ ಎಳೆಯುವುದು ಇನ್ನೊಂದು. ಒಂದು ಕೈ ಹ್ಯಾಂಡಲ್ ಮೇಲಿರುವ ಸ್ಕೂಟರ್ ಸವಾರ ಇದನ್ನೇ ಮಾಡುತ್ತಾನೆ. ಹೆಲ್ಮೆಟ್ ಕಡ್ಡಾಯವಾದ ಮೇಲೆ ಹಣೆಗೆ ಹೋಗಬೇಕಾದ ಬೆರಳು ಗಾಜಿಗೆ ತಗಲಿ ಎದೆಗಿಳಿಯುತ್ತದೆ. ಕೈತುಂಬ ಸಾಮಾನು ಹಿಡಿದ ಹೆಂಗಸು ತಲೆಯನ್ನು ಸ್ವಲ್ಪ ಬಾಗಿಸಿ ಮುಂದೆ ಹೋಗುತ್ತಾಳೆ.

ಮಗು ಇದನ್ನು ಕಲಿಯುವ ಬಗೆ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಸೊಂಟದ ಮೇಲೆ ಕೂತ ಮಗುವಿನ ಬಲಗೈಯನ್ನು ತಾಯಿ ತನ್ನ ಕೈಯಲ್ಲಿ ಹಿಡಿದು ಅದರ ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸುತ್ತಾಳೆ. ಎದುರು ನಿಂತು ತೋರಿಸಿದರೆ ಮಗು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕಲಿಯುತ್ತದೆ. ಆದ್ದರಿಂದ ಹಿಂದಿನಿಂದ ಕೈಹಿಡಿದು ಕಲಿಸುವುದೇ ರೂಢಿ. ಎಡಗೈ ಎತ್ತಿದರೆ ಅಜ್ಜಿ ತಿದ್ದುತ್ತಾಳೆ. ಅಕ್ಷರಾಭ್ಯಾಸಕ್ಕೆ ಎಷ್ಟೋ ಮೊದಲು ಈ ಪಾಠ ಮುಗಿದಿರುತ್ತದೆ.

ಇತರ ಸನ್ನೆಗಳು

ತಲೆಯ ಮೇಲಿನದನ್ನು ತೆಗೆಯುವುದು ಗಂಡಸರ ಹಳೆಯ ರೂಢಿ. ಟೊಪ್ಪಿಯಾಗಲಿ, ತಲೆಗೆ ಸುತ್ತಿದ ಬೈರಾಸಾಗಲಿ, ಗದ್ದೆಕೆಲಸದ ಅಡಿಕೆ ಹಾಳೆಯ ಮುಟ್ಟಾಳೆಯಾಗಲಿ, ಇಗರ್ಜಿಯ ಎದುರು ಕೈಗೆ ಬರುತ್ತದೆ. ಹೆಂಗಸರ ರೂಢಿ ಇದಕ್ಕೆ ತಿರುಗುಮುರುಗು. ಸೆರಗನ್ನೋ ಶಾಲನ್ನೋ ತಲೆಗೆಳೆದುಕೊಳ್ಳುವುದು ಗೌರವ. 1917ರ ಕೆನನ್ ಕಾನೂನು ಇಗರ್ಜಿಯಲ್ಲಿ ಹೆಂಗಸರು ತಲೆ ಮುಚ್ಚಿಕೊಳ್ಳಬೇಕೆಂದಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ನಿಯಮ ಹೋದರೂ ಹಿರಿಯ ಬಾಯಮ್ಮಂದಿರ ಕೈ ಸೆರಗನ್ನು ತಾನಾಗಿ ಹುಡುಕುತ್ತದೆ.

ಮೊಣಕಾಲೂರುವುದಕ್ಕೆ ಕೊಂಕಣಿಯಲ್ಲಿ 'ದಿಂಬಿ ಘಾಲ್ಚಿ' ಎನ್ನುತ್ತಾರೆ. ದಿಂಬಿ ಎಂದರೆ ಮೊಣಕಾಲು. ಇಗರ್ಜಿಯೊಳಗೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಇಟ್ಟ ಪೆಟ್ಟಿಗೆಯ ಮುಂದೆ ಹಾದುಹೋಗುವವರು ಬಲ ಮೊಣಕಾಲನ್ನು ನೆಲಕ್ಕೆ ತಾಗಿಸಿ ಏಳಬೇಕು ಎಂಬುದು ಲ್ಯಾಟಿನ್ ವಿಧಿಯ ನಿಯಮ. ರಸ್ತೆಯಲ್ಲಿ ಹೀಗೆ ಮಾಡುವುದು ಅಪರೂಪ. ಆದರೆ ಹೊರಗಿನ ಸನ್ನೆಗಳ ಅರ್ಥ ತಿಳಿಯಬೇಕಾದರೆ ಈ ಒಳಗಿನ ನಿಯಮ ತಿಳಿದಿರಬೇಕು. ಪೆಟ್ಟಿಗೆಯ ಬಳಿ ಹಗಲೂ ರಾತ್ರಿ ಉರಿಯುವ ದೀಪ ಕ್ರಿಸ್ತರ ಸಾನ್ನಿಧ್ಯದ ಗುರುತು. ರಸ್ತೆಯಲ್ಲಿ ಹೋಗುವವನು ವಂದಿಸುವುದು ಕಟ್ಟಡಕ್ಕಲ್ಲ, ಬಾಗಿಲು ಮುಚ್ಚಿದ್ದರೂ ಒಳಗಿರುವ ಆ ಸಾನ್ನಿಧ್ಯಕ್ಕೆ.

ಕೈಮುಗಿಯುವುದಕ್ಕೆ ಬೇರೆಯೇ ಕಥೆಯಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರ ಏಪ್ರಿಲ್‌ನಲ್ಲಿ, ಭಾರತದ ಬಿಷಪರು ಕೇಳಿದ 12 ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಮೊಣಕಾಲೂರುವ ಬದಲು ಕೈಜೋಡಿಸಿ ಆಳವಾಗಿ ಬಾಗಬಹುದು. ಪವಿತ್ರ ವಸ್ತುವಿಗೆ ಮುತ್ತಿಡುವ ಬದಲು ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೋ ಹಣೆಗೋ ಒತ್ತಿಕೊಳ್ಳಬಹುದು. ಪಂಚಾಂಗ ಪ್ರಣಾಮಕ್ಕೂ ಅವಕಾಶವಿದೆ. ಇವು ಆ ಮಾರ್ಪಾಡುಗಳಲ್ಲಿ ಸೇರಿದ್ದವು. ಸಂತರ ಪ್ರತಿಮೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ತುಳುನಾಡಿನ ಜನ ಒಪ್ಪಿಗೆಗಾಗಿ ಕಾದು ಕಲಿಯಲಿಲ್ಲ. ಊರಿನ ನಡವಳಿಕೆಯನ್ನು ರೋಮ್ ಆಮೇಲೆ ಬರಹಕ್ಕೆ ತಂದಿತು.

ಸ್ಥಳದಿಂದ ಸ್ಥಳಕ್ಕೆ

ಇಗರ್ಜಿ: ಮಂಗಳೂರಿನಿಂದ ಬಿ.ಸಿ. ರೋಡ್ ದಾಟಿ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಮಡಂತ್ಯಾರಿನ ಯೇಸುವಿನ ಪವಿತ್ರ ಹೃದಯದ ಇಗರ್ಜಿಯ ಹತ್ತಿರವೇ ಹಾಯುತ್ತದೆ. ಬಸ್ಸಿನಲ್ಲಿ ಅಲ್ಲಿ ಮಾತು ನಿಲ್ಲುವುದಿಲ್ಲ, ಕಂಡಕ್ಟರನ ಟಿಕೆಟ್ ಕೂಗೂ ನಿಲ್ಲುವುದಿಲ್ಲ. ಕಿಟಕಿಯ ಪಕ್ಕದ ಹೆಂಗಸಿನ ಕೈ ಮಾತ್ರ ಹಣೆಗೆ ಹೋಗಿ ಇಳಿಯುತ್ತದೆ. ಎರಡು ಸೀಟು ಹಿಂದೆ ಕಾಲೇಜು ಹುಡುಗನೊಬ್ಬ ಮೊಬೈಲಿನಿಂದ ಕಣ್ಣೆತ್ತದೆ ಎದೆಯ ಮೇಲೊಂದು ಗೆರೆ ಎಳೆಯುತ್ತಾನೆ. ಮೂರು ಸೆಕೆಂಡುಗಳ ಕೆಲಸ. ನಡೆದುಹೋಗುವವರು ಹೆಚ್ಚು ಹೊತ್ತು ಕೊಡುತ್ತಾರೆ. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ತೀರ್ಥದ ಬಟ್ಟಲಿನಲ್ಲಿ ಬೆರಳದ್ದಿ ಗುರುತು ಹಾಕಿಕೊಳ್ಳುತ್ತಾರೆ. ಈ ನೀರು ಜ್ಞಾನಸ್ನಾನದ ನೆನಪು.

ದಾರಿಬದಿಯ ಶಿಲುಬೆ: ಊರಿನ ಕವಲುದಾರಿಯಲ್ಲಿ, ಗುಡ್ಡದ ನೆತ್ತಿಯಲ್ಲಿ, ಇಗರ್ಜಿಗೆ ತಿರುಗುವ ತಿರುವಿನಲ್ಲಿ ಕಲ್ಲಿನ ಅಥವಾ ಕಾಂಕ್ರೀಟಿನ ಖುರಿಸ್ ಇರುತ್ತದೆ. ಸಂಜೆ ಅಲ್ಲಿ ಮೇಣದ ಬತ್ತಿ ಹಚ್ಚುವವರಿದ್ದಾರೆ. ಶಿಲುಬೆಯ ಕೊರಳಿಗೆ ಮಾಲೆ, ಬುಡದಲ್ಲಿ ಕಾಣಿಕೆ ಡಬ್ಬಿ. ಇಲ್ಲಿ ಪರಮಪ್ರಸಾದವಿಲ್ಲದ್ದರಿಂದ ಮೊಣಕಾಲೂರುವ ರೂಢಿಯಿಲ್ಲ. ಶಿಲುಬೆಯ ಗುರುತು, ತಲೆಬಾಗುವಿಕೆ ಸಾಕು. ಶಿಲುಬೆಗೆ ಮೊಣಕಾಲೂರುವುದು ಶುಭ ಶುಕ್ರವಾರದಂದು. ಆ ದಿನ ಇಗರ್ಜಿಯೊಳಗೆ ಶಿಲುಬೆಯ ಮುಂದೆ ಮೊಣಕಾಲೂರಿ ಅದಕ್ಕೆ ಮುತ್ತಿಡುತ್ತಾರೆ.

ಗ್ರೊಟ್ಟೊ: ಫ್ರಾನ್ಸಿನ ಲೂರ್ದ್‌ನಲ್ಲಿ 1858ರಲ್ಲಿ ಮರಿಯಮ್ಮ ಗುಹೆಯೊಂದರಲ್ಲಿ ಬಾಲಕಿ ಬರ್ನದೆತ್ತಳಿಗೆ ಕಾಣಿಸಿದಳೆಂಬ ನಂಬಿಕೆಯ ಮೇಲೆ ಲೋಕದೆಲ್ಲೆಡೆ ಕಲ್ಲುಗುಹೆಯ ಮಾದರಿಗಳು ಎದ್ದವು. ಈ ಭಾಗದಲ್ಲಿ ಮುರಕಲ್ಲನ್ನು ಪೇರಿಸಿ ಅವನ್ನು ಕಟ್ಟುತ್ತಾರೆ. ಇಗರ್ಜಿ, ಶಾಲೆ, ಕಾನ್ವೆಂಟುಗಳ ಅಂಗಳದಲ್ಲಿ ಇವು ಸಾಮಾನ್ಯ. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಕೈ ಇಲ್ಲಿ ಹೆಚ್ಚು ಹೊತ್ತು ಮುಗಿದಿರುತ್ತದೆ.

ಸ್ಮಶಾನ: ಕ್ರೈಸ್ತ ಸ್ಮಶಾನ ಬಹುಪಾಲು ಇಗರ್ಜಿಯ ಪಕ್ಕದಲ್ಲೇ ಇರುತ್ತದೆ. ಪೂಜೆ ಮುಗಿಸಿ ಹೊರಡುವವರು ಗೇಟಿನ ಬಳಿ ನಿಂತು, ತಮ್ಮವರ ಗೋರಿಯತ್ತ ನೋಡಿ, ಮೃತರ ನಿತ್ಯವಿಶ್ರಾಂತಿಗಾಗಿ ಕಿರುಪ್ರಾರ್ಥನೆ ಹೇಳಿ ಶಿಲುಬೆಯ ಗುರುತಿನಿಂದ ಮುಗಿಸುತ್ತಾರೆ. ನವೆಂಬರ್ 2 ಮೃತರ ಸ್ಮರಣೆಯ ದಿನ. ಆ ತಿಂಗಳಿಡೀ ಗೋರಿಗಳ ಮೇಲೆ ಹೂವು, ಮೇಣದ ಬತ್ತಿ ಕಾಣಸಿಗುತ್ತವೆ. ಶವಯಾತ್ರೆ ಎದುರಾದಾಗ ದಾರಿಹೋಕರು ಬದಿಗೆ ಸರಿದು ನಿಲ್ಲುತ್ತಾರೆ. ಈ ಮರ್ಯಾದೆ ಎಲ್ಲ ಧರ್ಮದವರಿಗೂ ಸಾಮಾನ್ಯ.

ಗಂಟೆ ಮತ್ತು ಮೆರವಣಿಗೆ

ಕೆಲವೊಮ್ಮೆ ಮನುಷ್ಯ ಪವಿತ್ರ ಸ್ಥಳದ ಮುಂದೆ ಹಾಯುವುದಿಲ್ಲ, ಪವಿತ್ರವಾದದ್ದೇ ಅವನ ಮುಂದೆ ಹಾಯುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯಿಂದ ಕೇಳುವ ಪ್ರಾರ್ಥನೆಯ ಗಂಟೆ ಅಂಥದು. ಸಂಜೆಯದಕ್ಕೆ ಕೊಂಕಣಿಯಲ್ಲಿ 'ಆಮೊರಿ' ಎಂದು ಹೆಸರು. ಗಂಟೆ ಕೇಳಿದೊಡನೆ ತೋಟದ ಕೆಲಸ ನಿಲ್ಲಿಸಿ, ಟೊಪ್ಪಿ ತೆಗೆದು, ದೇವದೂತ ಮರಿಯಳಿಗೆ ಸಂದೇಶ ತಂದ ಪ್ರಸಂಗವನ್ನು ನೆನೆಯುವ ಪ್ರಾರ್ಥನೆ ಹೇಳುವುದು ಹಿಂದೆ ಕಟ್ಟುನಿಟ್ಟಿನ ಪದ್ಧತಿ. ಆಮೊರಿಯ ನಂತರ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆ. ಅದು ಮುಗಿದೊಡನೆ ಕಿರಿಯರು ಕೈಜೋಡಿಸಿ ಹಿರಿಯರಲ್ಲಿ 'ಬೆಸಾಂವ್' ಕೇಳುತ್ತಾರೆ. ಬೆಸಾಂವ್ ಎಂದರೆ ಆಶೀರ್ವಾದ. ದಾರಿಯ ಸನ್ನೆಗಳೆಲ್ಲ ತಾಲೀಮು ಪಡೆಯುವುದು ಈ ಸಂಜೆಯ ಚಾಪೆಯ ಮೇಲೆ.

ಮೆರವಣಿಗೆಗಳಲ್ಲಿ ಹಿರಿದು ಪರಮಪ್ರಸಾದದ್ದು. 1264ರಲ್ಲಿ ಪೋಪ್ ನಾಲ್ಕನೆಯ ಉರ್ಬನ್ ಇಡೀ ಪಶ್ಚಿಮ ಧರ್ಮಸಭೆಗೆ ವಿಧಿಸಿದ ಕೊರ್ಪುಸ್ ಕ್ರಿಸ್ತಿ ಹಬ್ಬ ಇದರ ಮೂಲ. ಕೊರ್ಪುಸ್ ಕ್ರಿಸ್ತಿ ಎಂದರೆ ಲ್ಯಾಟಿನ್ನಿನಲ್ಲಿ ಕ್ರಿಸ್ತರ ಶರೀರ. ಬಸದಿಗಳ ಊರಾದ ಮೂಡುಬಿದಿರೆಯ ಇಗರ್ಜಿ ಇದೇ ಹೆಸರು ಹೊತ್ತಿದೆ. ಊರಿನ ವಾರ್ಷಿಕ ಹಬ್ಬಕ್ಕೆ ಮೊದಲು ಬರುವ ಭ್ರಾತೃತ್ವದ ಭಾನುವಾರದಂದು ಹಲವು ಇಗರ್ಜಿಗಳು ಪರಮಪ್ರಸಾದವನ್ನು ಬೀದಿಗೆ ತರುತ್ತವೆ. ಛತ್ರಿಯ ಕೆಳಗೆ ಗುರುಗಳು ಅದನ್ನು ಹಿಡಿದು ಬರುವಾಗ ರಸ್ತೆಯ ಇಕ್ಕೆಲದವರು ಡಾಂಬರಿನ ಮೇಲೆಯೇ ಮೊಣಕಾಲೂರುತ್ತಾರೆ. ಇಗರ್ಜಿಯೊಳಗಿನ ನಿಯಮ ಅಂದೊಂದು ದಿನ ರಸ್ತೆಗೂ ಅನ್ವಯಿಸುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಇನ್ನೊಂದು ಬಗೆ. ಮರಿಯಮ್ಮನ ಜನ್ಮದಿನವೂ ಹೊಸ ಅಕ್ಕಿಯ ಊಟವೂ ಸೇರಿದ ಈ ಹಬ್ಬ ಫರಂಗಿಪೇಟೆಯ ಮೊಂತೆ ಮಾರಿಯಾನೊದಲ್ಲಿ 1763ರಲ್ಲಿ ಗುರು ಜೊವಾಕಿಂ ಮಿರಾಂದರಿಂದ ಆರಂಭವಾಯಿತೆಂಬ ಪ್ರತೀತಿಯಿದೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂವು ತಂದು ಬಾಲಮರಿಯಳ ಪ್ರತಿಮೆಯ ಮುಂದೆ ಹಾದುಹೋಗುತ್ತ ಅರ್ಪಿಸುತ್ತಾರೆ. ಬೇಲಿಯ ಹೂವು, ಹಿತ್ತಲಿನ ದಾಸವಾಳ, ಗೊರಟೆ, ಯಾವುದಾದರೂ ಸರಿ. ಕೈಯಲ್ಲಿ ಹೂವಿದ್ದರೆ ಶಿಲುಬೆಯ ಗುರುತಿಗೆ ಬಿಡುವಿಲ್ಲ, ಹೂವೇ ವಂದನೆ.

ಪಂಗಡಗಳ ನಡುವಣ ವ್ಯತ್ಯಾಸ

ಬೆಳ್ತಂಗಡಿಯ ಸೀರೊ ಮಲಬಾರ್ ಕುಟುಂಬಗಳೂ ಶಿಲುಬೆಯ ಗುರುತನ್ನು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಹಾಕುತ್ತಾರೆ. ತಮ್ಮ ದಾರಿಬದಿಯ ಚಿಕ್ಕ ಆರಾಧನಾ ತಾಣಗಳನ್ನು 'ಕುರಿಶುಪಳ್ಳಿ', 'ಕುರಿಶಡಿ' ಎನ್ನುತ್ತಾರೆ. ತುದಿಗಳನ್ನು ಹೂಮೊಗ್ಗಿನಂತೆ ಕೆತ್ತಿದ, ಕ್ರಿಸ್ತರ ದೇಹವಿಲ್ಲದ ಸಂತ ತೋಮರ ಶಿಲುಬೆ ಇವರ ಗುರುತು. ಕೊಂಕಣಿ ಕೆಥೊಲಿಕರ ಶಿಲುಬೆಯಲ್ಲಿ ಹೆಚ್ಚಾಗಿ ಕ್ರಿಸ್ತರ ದೇಹವಿರುತ್ತದೆ. ಸೀರೊ ಮಲಬಾರ್ ಪರಂಪರೆಯಲ್ಲಿ ಖಾಲಿ ಶಿಲುಬೆ ಪುನರುತ್ಥಾನದ ಸಂಕೇತ. ದಾರಿಯಲ್ಲಿ ಗುರುಗಳು ಎದುರಾದರೆ ಮಲಯಾಳದಲ್ಲಿ ಯೇಸು ಕ್ರಿಸ್ತರಿಗೆ ಸ್ತುತಿಯಾಗಲಿ ಎಂಬರ್ಥದ ವಂದನೆ ಹೇಳಿ ಕೈಮುಗಿಯುವುದೂ ಈ ಸಮುದಾಯದ ರೂಢಿ. ಎಂದೆಂದಿಗೂ ಸ್ತುತಿಯಾಗಲಿ ಎಂಬುದು ಉತ್ತರ.

ಬಾಸೆಲ್ ಮಿಷನ್ ಪರಂಪರೆಯವರು ಹಾದುಹೋಗುವಾಗ ಶಿಲುಬೆಯ ಗುರುತು ಹಾಕುವುದಿಲ್ಲ. ಮಾರ್ಟಿನ್ ಲೂಥರ್ ತನ್ನ 1529ರ ಕಿರು ಧರ್ಮೋಪದೇಶದಲ್ಲಿ ಬೆಳಗ್ಗೆ ಸಂಜೆ ಆ ಗುರುತು ಹಾಕಿಕೊಳ್ಳಲು ಹೇಳಿದ್ದುಂಟು. ಆದರೆ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಭಕ್ತಿಪಂಥದಿಂದ ಹುಟ್ಟಿದ ಬಾಸೆಲ್ ಮಿಷನ್ ಹೊರಗಿನ ಸನ್ನೆಗಿಂತ ಒಳಗಿನ ಪ್ರಾರ್ಥನೆಗೆ, ಪ್ರತಿಮೆಗಿಂತ ವಾಕ್ಯಕ್ಕೆ ಒತ್ತು ಕೊಟ್ಟಿತು. ಇವರ ದೇವಾಲಯದಲ್ಲಿ ಪ್ರಸಾದವನ್ನು ಪೆಟ್ಟಿಗೆಯಲ್ಲಿಟ್ಟು ಆರಾಧಿಸುವ ಪದ್ಧತಿಯಿಲ್ಲ. ಹೀಗಾಗಿ ಖಾಲಿ ಕಟ್ಟಡಕ್ಕೆ ಬಾಗುವ ಕಾರಣವೂ ಇಲ್ಲ. ಒಳಗೆ ಬಂದು ಕುಳಿತೊಡನೆ ಕಣ್ಣುಮುಚ್ಚಿ, ತಲೆತಗ್ಗಿಸಿ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸುವುದು ಇವರ ವಂದನೆ. ಕೆಥೊಲಿಕನು ಬಾಗಿಲಲ್ಲಿ ಮಾಡುವುದನ್ನು ಪ್ರೊಟೆಸ್ಟೆಂಟನು ಬೆಂಚಿನಲ್ಲಿ ಮಾಡುತ್ತಾನೆ.

ನೆರೆಹೊರೆಯ ರೂಢಿಗಳೊಂದಿಗೆ ಸಂಬಂಧ

ತುಳುನಾಡಿನಲ್ಲಿ ಪವಿತ್ರ ಸ್ಥಳದ ಮುಂದೆ ಸುಮ್ಮನೆ ಹೋಗುವ ಪದ್ಧತಿ ಹೆಚ್ಚಿನವರಲ್ಲಿ ಇಲ್ಲ. ದೈವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿಯುವುದು, ಬಸದಿಯ ಮಾನಸ್ತಂಭದ ಮುಂದೆ ತಲೆಬಾಗುವುದು, ದೇವಸ್ಥಾನದ ದ್ವಾರ ಕಂಡೊಡನೆ ಬೆರಳನ್ನು ಕಣ್ಣಿಗೂ ಎದೆಗೂ ಮುಟ್ಟಿಸುವುದು, ದರ್ಗಾದ ಡಬ್ಬಿಗೆ ಚಿಲ್ಲರೆ ಹಾಕುವುದು ನಿತ್ಯದ ದೃಶ್ಯಗಳು. ಖಾಸಗಿ ಬಸ್ಸುಗಳ ಚಾಲಕನ ತಲೆಯ ಮೇಲೆ ಗಣಪತಿ, ಮೆಕ್ಕಾ, ಯೇಸುವಿನ ಚಿತ್ರಗಳು ಸಾಲಾಗಿರುವುದೂ ಇಲ್ಲಿ ಸಾಮಾನ್ಯ. ಮೊಡಂಕಾಪಿನ ಬಾಲಯೇಸು, ಉಜಿರೆ ಮತ್ತು ನಾರಾವಿಯ ಸಂತ ಅಂತೋನಿ ಹೆಸರಿನ ಇಗರ್ಜಿಗಳು, ಪಕ್ಕದ ಕಾರ್ಕಳ ತಾಲೂಕಿನ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕ ಇವುಗಳಿಗೆ ಹಿಂದೂಗಳೂ ಹರಕೆ ಹೊರುತ್ತಾರೆ. ಮೇಣದ ಬತ್ತಿ ಹಚ್ಚಿ ಕೈಮುಗಿಯುತ್ತಾರೆ, ಶಿಲುಬೆಯ ಗುರುತು ಹಾಕುವುದಿಲ್ಲ. ಆ ಗುರುತು ಜ್ಞಾನಸ್ನಾನ ಪಡೆದವರ ವಿಶ್ವಾಸದ ಘೋಷಣೆ, ಕೈಮುಗಿಯುವುದು ಎಲ್ಲರದು. ಒಂದೇ ಪ್ರತಿಮೆಯ ಮುಂದೆ ಅಕ್ಕಪಕ್ಕ ನಿಂತ ಇಬ್ಬರ ಕೈಗಳಿಂದ ಯಾರ ಮನೆಯ ಕಲಿಕೆ ಯಾವುದು ಎಂದು ಹೇಳಬಹುದು.

ಇಂದಿನ ಸ್ಥಿತಿ

ವೇಗ ಈ ರೂಢಿಯನ್ನು ಹ್ರಸ್ವಗೊಳಿಸಿದೆ. ನಡೆಯುವವನು ನಿಂತು ಮಾಡುತ್ತಿದ್ದುದನ್ನು ಸೈಕಲ್ಲಿನವನು ಇಳಿಯದೆ, ಬಸ್ಸಿನವನು ಕೂತಲ್ಲೇ, ಬೈಕಿನವನು ಒಂದೇ ಬೆರಳಿನಲ್ಲಿ ಮಾಡತೊಡಗಿದ. ಕಾರಿನಲ್ಲಿ ಕನ್ನಡಿಗೆ ನೇತುಹಾಕಿದ ಜಪಮಾಲೆಯನ್ನು ಮುಟ್ಟಿ ಬೆರಳನ್ನು ತುಟಿಗೆ ತರುವುದು ಹೊಸ ಸೇರ್ಪಡೆ. ಹೆದ್ದಾರಿ ಅಗಲಗೊಂಡಲ್ಲಿ ದಾರಿಬದಿಯ ಶಿಲುಬೆಗಳು ಹಿಂದಕ್ಕೆ ಸರಿಯುತ್ತವೆ, ಆದರೆ ಹಳಬರ ಕೈ ಹಳೆಯ ಜಾಗದಲ್ಲೇ ಮೇಲೇಳುತ್ತದೆ. ಗಲ್ಫ್‌ಗೆ, ಮುಂಬಯಿಗೆ, ಬೆಂಗಳೂರಿಗೆ ಹೋಗಿ ನೆಲೆಸಿದ ಮಕ್ಕಳು ಊರಿಗೆ ಬಂದಾಗ ಮೊದಲು ಮರಳಿ ಬರುವುದು ಈ ಸನ್ನೆಯೇ.

ಇದನ್ನು ಯಾಂತ್ರಿಕವೆಂದು ಟೀಕಿಸುವ ಮಾತು ಧರ್ಮಸಭೆಯೊಳಗೂ ಉಂಟು. ಅವಸರದಲ್ಲಿ ನೊಣ ಓಡಿಸಿದಂತೆ ಕೈಯಾಡಿಸಬೇಡಿ ಎಂದು ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳನ್ನು ತಿದ್ದುವುದುಂಟು. ಆದರೆ ಪ್ರತಿಸಲವೂ ಯೋಚಿಸಿ ಮಾಡಬೇಕಾದದ್ದು ರೂಢಿಯಾಗಿ ಉಳಿಯದು. ಕಟ್ಟಳೆಯಿಲ್ಲದ ಈ ವಂದನೆಯನ್ನು ಇಷ್ಟು ಕಾಲ ಕಾಪಾಡಿದ್ದು ಆ ಯಾಂತ್ರಿಕತೆಯೇ ಎನ್ನಬೇಕಾಗುತ್ತದೆ. ಇಂದಿಗೂ ಈ ಮೂರು ತಾಲೂಕುಗಳ ಕೆಥೊಲಿಕ್ ಮನೆಗಳಲ್ಲಿ ಮಗುವಿಗೆ ಮೊದಲು ಕಲಿಸುವ ಪ್ರಾರ್ಥನೆ ಶಿಲುಬೆಯ ಗುರುತು. ಅದನ್ನು ಕಲಿಸುವವರು ತಾಯಿ ಅಥವಾ ಅಜ್ಜಿ.